ಸಿಕ್ಕು

ವರ್ಹೋಲ್ ಬಂದರಿನ ಸುಂಕದ ಕಟ್ಟೆಯಲ್ಲಿ
ಹತ್ತೊಂಬತ್ತು ಚಳಿಗಾಲ ತಕ್ಕಡಿ ಹಿಡಿದವನು ನಾನು.
ತಿಮಿಂಗಿಲದ ಎಣ್ಣೆ, ಕರಡಿಯ ತೊಗಲು, ಅಂಬರು,
ಒಮ್ಮೆ ಸೀಸೆಯಲ್ಲಿ ಬಂದ ಗುಡುಗು, ಅದಕ್ಕೂ ಸುಂಕ ಹಾಕಿದೆ.
ತೂಕಕ್ಕೆ ಸಿಗದ್ದು ಇಲ್ಲವೆಂದೇ ನಂಬಿದ್ದೆ.

ತ್ರಾಸ್ಕನ ಹಡಗು ಬಂತು, ಆಳಿಲ್ಲದೆ.
ಅಂದರೆ ಆಳುಗಳಿದ್ದರು. ಹಗ್ಗ ಎಳೆದರು, ಲಂಗರು ಬಿಟ್ಟರು,
ಕೇಳಿದ್ದಕ್ಕೆಲ್ಲ ಹೂಂ ಎಂದರು.
ಆ ಚಳಿಯಲ್ಲೂ ಅವರ ಬಾಯಿಂದ ಹಬೆಯೇಳಲಿಲ್ಲ.
ನಾಲ್ಕು ತಿಂಗಳು ಕಡಲಲ್ಲಿದ್ದವರು,
ಒಬ್ಬೊಬ್ಬನ ತಲೆಯೂ ಮದುಮಗನಂತೆ ಬಾಚಿತ್ತು.

ನಾಯಕನ ಪೆಟ್ಟಿಗೆಯಲ್ಲಿ ಒಂದು ಹಣಿಗೆ.
ಮೂಳೆಯದು. ಯಾವುದರ ಮೂಳೆ, ಕೇಳಬೇಡಿ.
ಹಿಡಿಯ ಮೇಲೆ ಕಣ್ಣು ಮುಚ್ಚಿದ ಮೀನಿನ ಕೆತ್ತನೆ.
ಮೀನಿಗೆ ರೆಪ್ಪೆಯಿಲ್ಲವೆಂದು ನೆನಪಾದದ್ದು ಆಮೇಲೆ.
ಹಲ್ಲು ನಲವತ್ತೊಂದು;
ಮೂರನೆಯ ಜಾಗದಲ್ಲಿ ಮುರಿದ ಗುರುತು.

ದಫ್ತರದಲ್ಲಿ ಬರೆದೆ: ‘ಹಣಿಗೆ ಒಂದು, ನೀರುಪಾಲು.’
ಬರೆದು ಜೇಬಿಗೆ ಇಳಿಸಿದೆ.
ಹತ್ತೊಂಬತ್ತು ವರ್ಷದಲ್ಲಿ ಕದ್ದದ್ದು ಅದೊಂದೇ.
ಯೂನೆಗೆ ಆ ವಾರ ಎಂಟು ತುಂಬುವುದಿತ್ತು.

ತಾಯಿಲ್ಲದ ತಲೆ ಅವಳದು, ನನ್ನ ಕೈ ಒರಟು.
ದಿನಾ ಬೆಳಿಗ್ಗೆ ಅದೇ ರಗಳೆ: ಒಲೆಯ ಮುಂದೆ ಕೂರಿಸಿ
ಸಿಕ್ಕು ಬಿಡಿಸುವುದು,
ಅವಳು ‘ಅಪ್ಪಾ, ನೋಯುತ್ತೆ’ ಎನ್ನುವುದು,
ನಾನು ‘ಆಯ್ತು, ಆಯ್ತು’ ಎನ್ನುವುದು.
ಆವತ್ತು ಹಣಿಗೆ ನೆತ್ತಿಯಿಂದ ತುದಿಯವರೆಗೆ
ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು.
ಯೂನೆ ನೋಯುತ್ತೆ ಎನ್ನಲಿಲ್ಲ.
ನಾನು ಹಿಗ್ಗಿದೆ.
ಹಿಗ್ಗಿದ್ದನ್ನೂ ಬರೆದಿಡುತ್ತೇನೆ, ಅದೂ ಲೆಕ್ಕಕ್ಕೆ ಬರಬೇಕು.

ಆಮೇಲೆ ಅವಳು ಏನನ್ನೂ ಬೇಡವೆನ್ನಲಿಲ್ಲ.
ಕಹಿ ಕಷಾಯ ಕುಡಿದಳು, ಕತ್ತಲೆಗೆ ಹೆದರಲಿಲ್ಲ.
ಮಡಿಲಿಂದ ಇಳಿದುಹೋದ ಬೆಕ್ಕು ತಿರುಗಿ ಬರಲಿಲ್ಲ.
ಬಾಗಿಲು ತೆರೆದರೆ ನನ್ನ ಬಾಯಿಂದ ಹಬೆ;
ಪಕ್ಕದಲ್ಲಿ, ನನ್ನ ಸೊಂಟದೆತ್ತರಕ್ಕೆ,
ಏನೂ ಇಲ್ಲ.

ಹಣಿಗೆ ತೆಗೆದು ಎಣಿಸಿದೆ. ನಲವತ್ತೆರಡು.
ತುದಿಯದು ಹೊಸದು, ಹಾಲುಹಲ್ಲಿನ ಬಿಳುಪು.

ಹೆಬ್ಬೆರಳ ಉಗುರನ್ನು ಹಲ್ಲುಗಳ ಮೇಲೆ ಎಳೆದೆ.
ಒಂದರಲ್ಲಿ ಯಾರೋ ಮುದುಕ ಕೆಮ್ಮಿದ.
ಒಂದರಲ್ಲಿ ನನಗೆ ಬಾರದ ಭಾಷೆಯ ಬೈಗುಳ.
‘ಹೊರಗೆ ಮಂಜು ಕರಗಿತೇ?’ ಎಂದಿತು ಇನ್ನೊಂದು.
ತ್ರಾಸ್ಕನ ದನಿ ನನಗೆ ಗೊತ್ತು,
ಅವನಿನ್ನೂ ಸುಂಕದ ಚೌಕಾಸಿಯಲ್ಲೇ ಇದ್ದ.
ಕೊನೆಯದು:
‘ಅಪ್ಪಾ, ನೋಯುತ್ತೆ.’

ಸಿಕ್ಕು ಬಿಡಿಸಹೋದವನು ಅವಳನ್ನೇ ಸಿಕ್ಕಿಸಿದೆ.
ಜೀವವೆಂದರೆ ಆ ಗಂಟೇ ಇದ್ದಿರಬೇಕು,
ಎಳೆದರೆ ನೋಯುವುದು.

ಮುರಿದರೆ ಬಿಡುಗಡೆಯೋ, ಮುರಿದರೆ ಮುಗಿಯಿತೋ?
ಮೂರನೆಯ ಖಾಲಿಯಲ್ಲಿ ಉಗುರಿಟ್ಟು ಕಿವಿಗೊಟ್ಟೆ.
ಸದ್ದಿಲ್ಲ. ಸದ್ದಿಲ್ಲದಿರುವುದರಲ್ಲೂ ಎರಡು ಬಗೆ,
ಯಾವುದೆಂದು ನನ್ನ ತಕ್ಕಡಿ ಹೇಳದು.
ತ್ರಾಸ್ಕನ ಆಳುಗಳನ್ನು ಕೇಳಿದೆ.
ಬಿಡುಗಡೆಯೇ? ಹೂಂ.
ಸಾವೇ? ಹೂಂ.

ಈಗ ಸಂಜೆಗೊಮ್ಮೆ ಮಾತ್ರ ಆ ಹಲ್ಲು ಮೀಟುತ್ತೇನೆ,
ಹೆಚ್ಚು ಮೀಟಿದರೆ ಅವಳಿಗೆ ನೋಯುತ್ತದಲ್ಲ.
‘ಆಯ್ತು, ಆಯ್ತು’ ಎನ್ನುತ್ತೇನೆ.
ಕಿಟಕಿಯ ಬಳಿ ಇನ್ನೊಬ್ಬಳು ಯೂನೆ
ಜಾರುವ ಜಡೆ ಹಿಡಿದು ಹೂಂ ಎನ್ನುತ್ತಾಳೆ.
ಈಚೆಗೆ ಮೀನು ಒಂದು ಕಣ್ಣು ತೆರೆದಿದೆ.

ನಾನು ತಲೆ ಬಾಚಿ ಮೂರು ತಿಂಗಳು.
ಗಡ್ಡ, ಕೂದಲು, ಎಲ್ಲ ಗಂಟುಗಂಟು;
ಕಟ್ಟೆಯ ಮೇಲೆ ಹುಡುಗರು ನಗುತ್ತಾರೆ.
ದಫ್ತರವನ್ನು ಇವತ್ತು ತಿದ್ದಿದ್ದೇನೆ:
‘ಹಣಿಗೆ ಒಂದು, ಸಿಕ್ಕಿದೆ.’
ಹಿಡಿಯ ತುದಿಯಲ್ಲಿ, ಅವಳ ಪಕ್ಕಕ್ಕೆ,
ಇನ್ನೊಂದು ಹಲ್ಲಿಗೆ ಜಾಗವಿದೆ.
ಅಳೆದು ನೋಡಿದ್ದೇನೆ.