ಚೀಲದ ತೂಕ

ಹಾಸನದ ಮಾರ್ಕೆಟ್ ಯಾರ್ಡಿನ ಒಂದು ಮಂಡಿಯ ಮೇಲೆ
ಹತ್ತಡಿ ಕೋಣೆ: ನಾನು, ತಸ್ಲೀಮಾ,
ಎರಡು ಕಂಪ್ಯೂಟರು, ತಿರುಗಿದರೆ ಕಿರುಗುಡುವ ಫ್ಯಾನು.
ಕೆಳಗೆ ಆಲೂಗಡ್ಡೆ. ಮೂಟೆ ಮೂಟೆ ಆಲೂಗಡ್ಡೆ.
ಅದರ ಮಣ್ಣು ನಮ್ಮ ಮೆಟ್ಟಿಲು ಹತ್ತಿ ಬಂದು
ಕೀಬೋರ್ಡಿನ ಸಂದಿಯಲ್ಲಿ ಕೂರುತ್ತಿತ್ತು.

ಕೊಟ್ಟ ಕೆಲಸ ದೊಡ್ಡದೇನಲ್ಲ.
ಬಿತ್ತನೆ ಗಡ್ಡೆಗೆ ಹೆಸರು ಬರೆಸುವ ಒಂದು ಪುಟ.
ಎಡಕ್ಕೆ ಊರು, ನಡುವೆ ಹೆಸರು,
ಬಲಕ್ಕೆ ಕ್ವಿಂಟಾಲಿನ ದರ.
ನಿಯಮದ ಪುಸ್ತಕ ಹೇಳಿದಂತೆಯೇ ಬರೆದೆವು,
ತೆರೆದದ್ದನ್ನೆಲ್ಲ ಮುಚ್ಚುತ್ತ,
ಒಗ್ಗರಣೆ ಮುಗಿದ ಮೇಲೆ ಡಬ್ಬಿ ಮುಚ್ಚಿಡುವ ಹಾಗೆ.
ನಮ್ಮ ಪರದೆಯಲ್ಲಿ ಎಲ್ಲ ನೆಟ್ಟಗೆ,
ಶಾಲೆಯ ಪ್ರಾರ್ಥನೆಗೆ ನಿಂತಂತೆ.

ಕೆಳಗೆ ಕಚೇರಿಯಲ್ಲಿ, ಹೂವಣ್ಣಗೌಡರ ಮೇಜಿನ ಮೇಲೆ,
ಆ ನೀಲಿ ‘ಇ’ ಒತ್ತಿ ತೆರೆದರೆ
ಒತ್ತಕ್ಷರಗಳು ಕಾಲಡಿಯಿಂದ ಎದ್ದು
ಪಕ್ಕಕ್ಕೆ ಬಂದು ನಿಂತಿದ್ದವು.
ದುದ್ದ ‘ದುದ್ ದ’. ಕಟ್ಟಾಯ ‘ಕಟ್ ಟಾಯ’.
ಸಾಲಗಾಮೆಗೆ ಏನೂ ಆಗಿರಲಿಲ್ಲ:
ಒತ್ತಿಲ್ಲದ ಊರಿಗೆ ಆಪತ್ತಿಲ್ಲ.
ಆದರೆ ದರದ ಕಾಲಂ ಇಕ್ಕಟ್ಟಾಗಿ
ಕೊನೆಯ ಸೊನ್ನೆಯನ್ನು ನುಂಗಿಬಿಟ್ಟಿತ್ತು.
ಸಾವಿರದ ಇನ್ನೂರು ಇದ್ದದ್ದು ನೂರಾ ಇಪ್ಪತ್ತು.
ಯಾರೋ ಆಗಲೇ ದುಡ್ಡು ಎಣಿಸುತ್ತ ನಿಂತಿದ್ದ.

“ಸರಿ ಇಲ್ವಲ್ಲಮ್ಮ” ಅಂದರು ಗೌಡರು, ಸಿಟ್ಟಿಲ್ಲದೆ.
ಅದೇ ಸಿಟ್ಟು ತರಿಸಿದ್ದು.
“ನಿಮ್ಮ ಬ್ರೌಸರ್ ಸರಿ ಇಲ್ಲ ಸಾರ್.”
“ಇದರಲ್ಲೇ ದಿನಾ ಕ್ರಿಕೆಟ್ ಸ್ಕೋರು ನೋಡ್ತೀನಿ.”

ಮೂರು ರಾತ್ರಿ. ಬಿಸ್ಕತ್ತು, ಚಹಾ, ಬೈಗುಳ.
ಪೆಟ್ಟಿಗೆಯ ಅಗಲ ಇನ್ನೂರು ಅಂತ ಬರೆದರೆ
ಅಂಚು, ಅಂಚಿನೊಳಗಿನ ಖಾಲಿ ಜಾಗ
ಆ ಇನ್ನೂರರ ಒಳಗೋ, ಹೊರಗೋ?
ಹೊರಗೆ, ಅನ್ನುತ್ತೆ ಪುಸ್ತಕ.
ನೀಲಿ ‘ಇ’ಗೆ ಪುಸ್ತಕ ಓದುವ ಪುರುಸೊತ್ತಿಲ್ಲ.

ನಾಲ್ಕನೇ ಬೆಳಗ್ಗೆ ಕೆಳಗೆ ಹೆಂಗಸೊಬ್ಬಳ ದನಿ:
“ಚೀಲ ಕಳೆದು ಐವತ್ತು ಕಣಣ್ಣೋ!”
“ಚೀಲ ಸೇರಿಸೇ ಐವತ್ತು ಕಣಮ್ಮ!”
ತಕ್ಕಡಿಗೆ ಸರ್ಕಾರದ ಮುದ್ರೆ ಇತ್ತು.
ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಇತ್ತು:
ಚೀಲದ ತೂಕ ಕಳೆಯತಕ್ಕದ್ದು.
ಆ ಗೋಡೆಗೇ ಒರಗಿ ನಿಂತಿದ್ದ ವ್ಯಾಪಾರಿ.
ಅವನ ಅಂಗಿಯ ಬೆನ್ನಿಗೆ
‘ಕಳೆಯತಕ್ಕದ್ದು’ ಸುಣ್ಣವಾಗಿ ಅಂಟಿತ್ತು.
ಕಿಟಕಿಗೆ ಹಣೆ ಇಟ್ಟು ತಸ್ಲೀಮಾ ನಕ್ಕಳು,
ನಗು ನಿಲ್ಲಿಸಲಾಗದೆ ನೆಲದ ಮೇಲೆ ಕೂತಳು.

ಹಮಾಲಿ ಈರಯ್ಯನಿಗೆ ಇದೆಲ್ಲ ಹಳೆಯದು.
“ಅವನ ತಕ್ಕಡಿಗೆ ಹೋಗೋ ಮೂಟೇಲಿ
ಒಂದು ಕಲ್ಲು ಹಾಕ್ಕಂಡೇ ಬತ್ತಾರೆ ಕಣವ್ವ.
ಅವನಿಗೂ ಗೊತ್ತು.”

ಸರಿ, ನಾವೂ ಕಲ್ಲು ಹಾಕಿದೆವು.
ನೀಲಿ ‘ಇ’ ಮಾತ್ರ ಓದುವ ಒಂದು ಸಾಲು.
ಉಳಿದವರ ಕಣ್ಣಿಗೆ ಅದು ಬರೀ ಟಿಪ್ಪಣಿ.
ಒಳಗೆ ಸುಳ್ಳು ಅಗಲ: ಇನ್ನೂರ ಇಪ್ಪತ್ತಾರು.
ಸೊನ್ನೆ ತಿರುಗಿ ಬಂತು.
ಒತ್ತುಗಳು ಬರಲಿಲ್ಲ; ಊರ ಹೆಸರುಗಳನ್ನೆಲ್ಲ
ಚಿತ್ರ ಮಾಡಿ ಅಂಟಿಸಿದೆವು.
ಗೌಡರು ಇಪ್ಪತ್ತು ರೂಪಾಯಿಯ ಖಾರಾ ತರಿಸಿದರು.

ಆ ‘ಇ’ ಸತ್ತು ಎಷ್ಟೋ ಕಾಲವಾಯ್ತು.
ನಾನು ಬಯಸಿದಷ್ಟು ಸಂತೋಷವಾಗಲಿಲ್ಲ.
ಆ ಹೊತ್ತಿಗೆ ಪುಸ್ತಕವೇ ಒಂದು ಸಾಲು ಸೇರಿಸಿಕೊಂಡಿತ್ತು:
ಇಷ್ಟವಿದ್ದವರು ಚೀಲ ಸೇರಿಸಿಯೂ ತೂಗಬಹುದು.
ಈಗ ಹೊಸ ಪುಟ ತೆರೆದರೆ
ಎಲ್ಲರೂ ಮೊದಲು ಬರೆಯುವುದೇ ಅದನ್ನು.
ನಾನೂ. ಲೆಕ್ಕ ಸುಲಭ.

ಮೊನ್ನೆ ಹೊಸ ಹುಡುಗ ಪೃಥ್ವಿಧರ ಕೇಳಿದ:
“ಮೇಡಂ, ಈ ಇನ್ನೂರ ಇಪ್ಪತ್ತಾರು ಯಾಕೆ? ತೆಗೀಲಾ?”
ಅವನ ಬೆರಳು ಅಳಿಸುವ ಗುಂಡಿಯ ಮೇಲಿತ್ತು.
ಕೆಳಗೆ ಲಾರಿ ಹಿಂದಕ್ಕೆ ಬರುತ್ತಿತ್ತು,
ಯಾರೋ “ಬರ್ಲಿ, ಬರ್ಲಿ” ಅನ್ನುತ್ತಿದ್ದರು.

ರಾತ್ರಿ ತಸ್ಲೀಮಾಗೆ ಫೋನು ಮಾಡಿ ಎಲ್ಲ ಹೇಳಿದೆ.
ಅತ್ತ ಕಡೆ ಕುಕ್ಕರು ಕೂಗಿ ಮುಗಿಯುವ ತನಕ ಸುಮ್ಮನಿದ್ದು
“ಕಲ್ಲು?” ಅಂದಳು.
“ಮೂಟೇಲೇ ಇದೆ” ಅಂದೆ.