ಎಂಟನೇ ಒಂದು ಪಾಲು

ಸೋಡಿಯಂ ದೀಪ ಹೊತ್ತಿಸಿದ ಕೂಡಲೆ ಹಳದಿಯಾಗುವುದಿಲ್ಲ.
ಮೊದಲು ಬೊಂಬಾಯಿ ಮಿಠಾಯಿಯ ಗುಲಾಬಿ,
ಆಮೇಲೆ ಹತ್ತು ನಿಮಿಷ ಯೋಚಿಸಿಕೊಂಡು
ಅರಿಶಿನದ ನೀರು.
ಅಷ್ಟರಲ್ಲಿ ಅಟೆಂಡರ್ ಏಸುಪಾದಂ
ಕಿಟಕಿಗೆ ಕರಿಬಟ್ಟೆ ಎಳೆದು
ಗಾಜಿಗೆ ಉಸಿರು ಊದಿ, ಒರೆಸಿ,
ಮತ್ತೆ ಊದಿ ಒರೆಸುತ್ತಾರೆ.

ಕೋಲಾರದ ಕಾಲೇಜಿನ ಕೊನೆಯ ಕೋಣೆ.
ಹೊರಗೆ ಬಿಸಿಲಿಗೆ ಕಾದ ಅಂತರಗಂಗೆಯ ಬಂಡೆ.
ಒಳಗೆ, ಮೇಣದ ಮೇಲೆ ಕೂರಿಸಿದ
ಕಿರುಬೆರಳುಗುರಿನಷ್ಟು ಬೆಣಚುಕಲ್ಲಿನ ಹರಳು.
ಅವರಪ್ಪ ಗಣಿಯಿಂದ ಊಟದ ಡಬ್ಬಿಯಲ್ಲಿ ತಂದದ್ದು.
ಗೇಟಿನವರು ಡಬ್ಬಿ ತೆಗೆಸಿ
ಬೆಳಕಿಗೆ ಹಿಡಿದು ತಿರುಗಿಸಿ ನೋಡಿ
'ಚಿನ್ನ ಅಲ್ಲ, ಹೋಗು' ಅಂದರಂತೆ.

ಹರಳಿನ ಮೇಲೆ ಬೆಳ್ಳಿ ಬಳಿದ ಗಾಜಿಟ್ಟು
ಕಣ್ಣು ಕಿರಿದು ಮಾಡಿದರೆ
ಗೆರೆ. ಗೆರೆಯ ಪಕ್ಕ ಗೆರೆ.
ಹಳದಿ, ಕಪ್ಪು, ಹಳದಿ.
ವ್ಯತಿಕರಣ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ.
ಬೆಳಕಿಗೆ ಬೆಳಕು ಕೂಡಿ ಕತ್ತಲಾಗುತ್ತದೆ ಎಂದರೆ
ಹುಡುಗರು ಬರೆದುಕೊಳ್ಳುತ್ತಾರೆ,
ನಂಬುವುದಿಲ್ಲ.

'ಇಲ್ಲಿ ನೋಡಿ ಏಸುಪಾದಂ, ಗೆರೆ ತಟ್ಟನೆ ತುಂಡಾಗಿ
ಎಂಟನೇ ಒಂದು ಪಾಲು ಪಕ್ಕಕ್ಕೆ ಸರಿದಿದೆ.
ಅಂದರೆ ಕಲ್ಲಿನ ಮೇಲೆ ಅಲ್ಲೊಂದು ಮೆಟ್ಟಿಲು.
ಒಂದು ಕೂದಲನ್ನು ಎರಡು ಸಾವಿರ ಸಲ ಸೀಳಿದರೆ
ಒಂದು ಸೀಳು ಇರುತ್ತದಲ್ಲ, ಅಷ್ಟೆತ್ತರ.
ನೆಲದಡಿ ಕುದಿನೀರಲ್ಲಿ ಪದರ ಪದರ ಬೆಳೆಯುತ್ತ ಬಂದು
ಅಲ್ಲಿಗೆ ಬಂದಾಗ ನಿಂತಿತು.
ಯಾಕೆ ನಿಂತಿತೋ.'

ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

'ಲೈನಿನ ಮನೆಗೆ ಮೂರೇ ಮೆಟ್ಟಿಲು ಮೇಡಂ.
ಕಡೇ ವರ್ಷ ಅಪ್ಪ ಒಂದೊಂದಕ್ಕೂ ನಿಂತು
ಸುಧಾರಿಸಿಕೊಂಡು ಹತ್ತೋರು.
ಎದೆಯೊಳಗೆ ಇದೇ ಕಲ್ಲಂತೆ, ಪುಡಿ.
ಆಸ್ಪತ್ರೆ ಫೋಟೋದಲ್ಲಿ ಬೆಳ್ಳಗೆ ಕಾಣ್ತಿತ್ತು.
ಇದನ್ನ ಗೇಟಲ್ಲಿ ಯಾರೂ ಹಿಡೀಲಿಲ್ಲ.'

ಹೇಳುತ್ತಲೇ ಹೆಬ್ಬೆರಳು ಗಾಜಿನಂಚಿಗೆ ತಾಗಿರಬೇಕು.
ನೆಟ್ಟಗಿದ್ದ ಗೆರೆಗಳೆಲ್ಲ ಮೆಲ್ಲನೆ ಬಾಗಿ
ಬೆರಳಿನ ಕಡೆಗೆ ಬಿಲ್ಲಾದವು.
'ಅಯ್ಯೋ ಕೆಡಿಸಿಬಿಟ್ಟೆ' ಅಂದರು.

ಕೆಟ್ಟಿಲ್ಲ, ಅದು ಮೈಯ ಕಾವು ಅಷ್ಟೆ.
ಕಾವು ಆರುವ ತನಕ ಅಳತೆ ತೆಗೆಯಬಾರದು,
ರೆಕಾರ್ಡ್ ಬುಕ್ಕಿನ ಮೊದಲ ಪುಟದ ಎಚ್ಚರಿಕೆ,
ನನ್ನದೇ ಕೈಬರಹ.
ಪೆನ್ನು ಕೆಳಗಿಟ್ಟೆ.
ಗಂಟೆ ಹೊಡೆಯಿತು. ಹೊರಗೆ ಹುಡುಗಿಯರು
ಬಾಗಿಲು ತಟ್ಟಿ, ನಕ್ಕು, ತಟ್ಟಿ
ಸುಮ್ಮನಾದರು.
ಒಳಗೆ ಹಳದಿಯ ನಡುವೆ
ಕಪ್ಪು ಗೆರೆಗಳು ಒಂದೊಂದಾಗಿ
ಹಿಂದಕ್ಕೆ ಬರುತ್ತಿದ್ದವು.