ಅರ್ಧ ಟಿಕೆಟ್ಟು

ಬಾ ಲ್ಯೂಬೆನ್, ಈ ಕಂಬದ ಮರೆಗೆ ನಿಲ್ಲು, ಗಾಳಿ ಕಡಿಮೆ.
ಓಲ್ಟನ್ನಿನ ಮಂಜು ಹೀಗೇ. ನವೆಂಬರಿನಲ್ಲಿ ಬಂದು ಕೂತರೆ
ಫೆಬ್ರವರಿಗೆ ಏಳುತ್ತದೆ. ಅದೊಂದಕ್ಕೆ ಇಲ್ಲಿ ಬಾಡಿಗೆ ಇಲ್ಲ.

ಮೊದಲು ಅರ್ಧ ದರದ ಕಾರ್ಡು ಮಾಡಿಸು.
ವರ್ಷಕ್ಕೊಮ್ಮೆ ದುಡ್ಡು ಕಟ್ಟಿದರೆ ದೇಶವೆಲ್ಲ ಅರ್ಧ ಬೆಲೆಗೆ,
ರೈಲು, ಬಸ್ಸು, ಸರೋವರದ ದೋಣಿ ಕೂಡ.
ನನಗೆ ಐವತ್ತಮೂರು. ಇನ್ನೂ ಅರ್ಧ ಟಿಕೆಟ್ಟು.

ಪ್ಲೋವ್ದಿವ್‌ನ ಬಸ್ಸಿನಲ್ಲಿ ಅಮ್ಮ ಕಿವಿಯಲ್ಲಿ ಉಸುರುತ್ತಿದ್ದಳು:
ಮೊಣಕಾಲು ಮಡಚಿ ನಿಲ್ಲು,
ಕೇಳಿದರೆ ಆರು ವರ್ಷ ಅನ್ನು.
ಒಂಬತ್ತಾಗುವವರೆಗೂ ನಾನು ಆರರಲ್ಲೇ ಇದ್ದೆ.
ಈಗಲೂ ಕಂಡಕ್ಟರ್ ಬಂದಾಗ,
ಕಾರ್ಡು ಕೈಯಲ್ಲೇ ಇದ್ದರೂ,
ಮೊಣಕಾಲು ತಾನಾಗಿ ಬಾಗುತ್ತದೆ.

ಮುಂಗಡ ಕೊಂಡರೆ ಇನ್ನೂ ಅಗ್ಗ. ಆದರೆ ಆ ಟಿಕೆಟ್ಟು
ಒಂದೇ ಗೂಟಕ್ಕೆ ಕಟ್ಟಿದ ಮೇಕೆ.
ಆ ರೈಲು ತಪ್ಪಿತೋ, ದುಡ್ಡೂ ಹೋಯಿತು.
ಊರಿನ ಕಚೇರಿಯಲ್ಲಿ ದಿನದ ಪಾಸು ಸಿಗುತ್ತದೆ,
ತಿಂಗಳುಗಟ್ಟಲೆ ಮೊದಲೇ ಕೇಳಬೇಕು.
ಅಷ್ಟು ತಿಂಗಳಾದ ಮೇಲೆ ನಾನು ಎಲ್ಲಿರುತ್ತೇನೆ
ಅಂತ ಕೌಂಟರಿನವಳಿಗೆ ಹೇಗೆ ಹೇಳಲಿ?
ಹಾಂ, ಕಾಫಿ ಮನೆಯಿಂದ ಒಯ್ಯಿ.
ನಿಲ್ದಾಣದ ಕಾಫಿ ಕುಡಿದೆಯೋ,
ಉಳಿಸಿದ್ದೆಲ್ಲ ಲೋಟದ ತಳಕ್ಕೆ.

ವಿಮೆ. ಬಂದ ಮೂರು ತಿಂಗಳೊಳಗೆ ಮಾಡಿಸಲೇಬೇಕು.
ಮೂಲ ವಿಮೆಯಲ್ಲಿ ಕಂಪನಿ ಯಾವುದಾದರೂ ಮದ್ದು ಅದೇ,
ಅಗ್ಗದ್ದು ಹಿಡಿ, ಬಣ್ಣದ ಕಾಗದಕ್ಕೆ ಮರುಳಾಗಬೇಡ.
ಅವರು ಕೇಳುವುದೊಂದೇ:
ಕಾಯಿಲೆ ಬಿದ್ದರೆ ಮೊದಲು ನಿನ್ನ ಜೇಬಿನಿಂದ ಎಷ್ಟು?
ಮುನ್ನೂರೋ, ಎರಡೂವರೆ ಸಾವಿರವೋ?
ಹೆಚ್ಚಿಗೆ ಒಪ್ಪಿದರೆ ತಿಂಗಳ ಕಂತು ಇಳಿಯುತ್ತದೆ.
ನಿನಗೆ ಇಪ್ಪತ್ತಾರು. ಯೋಚಿಸಬೇಡ, ಎರಡೂವರೆ ಸಾವಿರಕ್ಕೆ ಗುರುತು ಹಾಕು.

ನಾನೂ ಹಾಕುತ್ತ ಬಂದೆ, ಹನ್ನೊಂದು ವರ್ಷ.
ಗುಂಡುಕಲ್ಲಿನ ಹಾಗಿದ್ದೇನೆ ಅಂತ
ನನ್ನ ಮೇಲೆ ನಾನೇ ಬಾಜಿ ಕಟ್ಟಿ ಗೆದ್ದೆ.
ಕೆಮ್ಮಿಗೆ ಲಿಂಡನ್ ಹೂವಿನ ಕಷಾಯ,
ಬೆನ್ನಿಗೆ ಬಿಸಿ ಉಪ್ಪಿನ ಗಂಟು.
ಉಳಿದದ್ದರಲ್ಲಿ ತಮ್ಮನ ಮನೆಗೆ ಹೆಂಚು, ನನಗೆ ಈ ಕೋಟು.
ನನ್ನ ಹೆಸರಿನ ಅರ್ಥ ನಿನಗೆ ಗೊತ್ತಲ್ಲ, ಆರೋಗ್ಯ.
ವಿಮೆಯವರು ಜ್ದ್ರಾವ್ಕಾ ಅನ್ನುವುದನ್ನು
ಮೂರು ಬಗೆಯಾಗಿ ತಪ್ಪು ಬರೆದಿದ್ದಾರೆ.

ಈ ಚೀಲ ಹಿಡಿ. ಇಲ್ಲ, ಲಕೋಟೆ ನನಗೆ ಕೊಡು.
ಮೂವತ್ತರೊಳಗೆ ಅವರ ಕೈಸೇರಬೇಕು. ಇವತ್ತು ಇಪ್ಪತ್ತೆಂಟು.
ಐದು ದಿನದಿಂದ ಚೀಲದಲ್ಲೇ ತಿರುಗಿಸುತ್ತಿದ್ದೇನೆ.

ಮುನ್ನೂರು ಅಂತ ಬರೆದಿದ್ದೇನೆ.
ಹಾಗೆ ನೋಡಬೇಡ.
ಸ್ನಾನ ಮಾಡುವಾಗ ಎಡಗಂಕುಳ ಕೆಳಗೆ ಕೈಗೆ ಸಿಕ್ಕಿತು,
ಚೆರ್ರಿ ಬೀಜದಷ್ಟು.
ಸೆಪ್ಟೆಂಬರಿನಲ್ಲಿ.
ಈಗ ತೋರಿಸಿದರೆ ಹಳೆಯ ಲೆಕ್ಕ, ಎರಡೂವರೆ ಸಾವಿರ.
ಜನವರಿಯಲ್ಲಿ ತೋರಿಸಿದರೆ ಹೊಸದು.
ಅದಕ್ಕೆ ರಾತ್ರಿ ರಾತ್ರಿ ಹೇಳುತ್ತೇನೆ:
ಮೊಣಕಾಲು ಮಡಚಿ ಕೂತಿರು,
ಯಾರಾದರೂ ಕೇಳಿದರೆ
ಹೊಸ ವರ್ಷದಲ್ಲಿ ಹುಟ್ಟಿದೆ ಅನ್ನು.

ಬೈಯಬೇಡ. ಅಮ್ಮನೂ ಕಳ್ಳಿಯೇನಲ್ಲ,
ಬಸ್ಸಿಗಾಗಿ ಅಷ್ಟೇ ಸುಳ್ಳು.

ಏನಂದೆ?
ನಾಳೆಯೇ? ಪೂರ್ತಿ ದುಡ್ಡಿಗೆ?
ನಿನಗೆ ಇನ್ನೂ ಸಂಬಳವೇ ಬಂದಿಲ್ಲ,
ನಿನ್ನ ಆ ನಾನೂರು ಫ್ರಾಂಕು ನೀನೇ ಇಟ್ಟುಕೋ.

ಅಗೋ ನನ್ನ ಕೂರ್‌ನ ರೈಲು.
ಅಂಚೆ ಕಚೇರಿ ಆರಕ್ಕೆ ಮುಚ್ಚುತ್ತದೆ,
ಆ ವೈದ್ಯೆ ಎಷ್ಟು ಹೊತ್ತಿನವರೆಗೆ ಫೋನು ಎತ್ತುತ್ತಾಳೋ.

ಹೋಯಿತು.
ಮೇಕೆಯೂ ಹೋಯಿತು, ಗೂಟವೂ ಹೋಯಿತು.
ಬಾ, ಕಾಗದ ಹಾಕಿ ಬರೋಣ,
ಆಮೇಲೆ ಕಾಫಿ ಕುಡಿಯೋಣ,
ಈ ನಿಲ್ದಾಣದ್ದೇ, ಪೂರ್ತಿ ಬೆಲೆಯದು.